ಎರಡು ಕೊಳವೆ ಸೇರುವ ಜಾಗ

ಬೆಳಗ್ಗೆ ಎಂಟು ಗಂಟೆಗೆ ಫೋನು ಬಂದಾಗ ಆಕೆ ಮಗಳೊಂದಿಗೆ ವಾದಕ್ಕೆ ನಿಂತಿದ್ದಳು. ಕಾಲೇಜಿಗೆ ರಜೆ ಶುರುವಾಗಿತ್ತು. ರಜೆಯಷ್ಟೂ ದಿನ ಚಿಕ್ಕಮ್ಮನ, ಬಟ್ಟೆಗೆ ಬಣ್ಣ ಹಾಕುವ ಘಟಕಕ್ಕೆ ಹೋಗುತ್ತೇನೆ ಎಂಬುದು ಮಗಳ ಹಟ.

“ಅಲ್ಲೇನಿದೆ ಅಂತ ಹೋಗ್ತೀಯೇ? ಹಬೆ, ಗದ್ದಲ, ಬಣ್ಣದ ನೀರು. ಮೈಕೈಯೆಲ್ಲ ನೀಲಿ ಮಾಡ್ಕೊಂಡು ಬರ್ತೀಯ.”

“ಬಣ್ಣ ಬೆರೆಸೋದು ಹೇಳಿಕೊಡ್ತಾರಂತಮ್ಮ. ಓದು ಮುಗಿದ್ಮೇಲೆ ನಾನೂ ಚಿಕ್ಕಮ್ಮನ ಥರ ಸ್ವಂತ ಏನಾದ್ರೂ ಮಾಡ್ಬೇಕು.”

“ಓಹೋ. ಅಮ್ಮನ ಥರ ಆಗ್ಬೇಕು ಅಂತ ಒಂದು ದಿನವೂ ಅನ್ನಲಿಲ್ಲವಲ್ಲ ನೀನು.”

ಮಗಳು ನಕ್ಕುಬಿಟ್ಟಳು. “ಯಾಕೆ, ಚರಂಡಿ ಮುಚ್ಚಳ ತೆಗೆಸ್ಕೊಂಡು ಓಡಾಡೋಕಾ?”

ತಮಾಷೆಗೆ ಅಂದ ಮಾತೇ. ಗಂಡನೂ ಪೇಪರಿನ ಹಿಂದೆ ನಕ್ಕ. ಆದರೆ ಆ ಮಾತು ಕಾಲಲ್ಲಿ ಮುರಿದ ಮುಳ್ಳಿನಂತೆ ಒಳಗೇ ಉಳಿಯಿತು. ಆಕೆ ಫೋನು ಎತ್ತಿದಳು.

ನಗರಸಭೆಯ ಒಳಚರಂಡಿ ವಿಭಾಗದಲ್ಲಿ ಆಕೆ ಇಪ್ಪತ್ತೊಂದು ವರ್ಷಗಳಿಂದ ಇನ್‌ಸ್ಪೆಕ್ಟರ್. ಕಾರ್ಖಾನೆಗಳು ತಮ್ಮ ಕೊಳೆ ನೀರನ್ನು ಶುದ್ಧ ಮಾಡಿಯೇ ಊರ ಚರಂಡಿಗೆ ಬಿಡಬೇಕು ಎಂಬ ನಿಯಮವಿದೆಯಲ್ಲ, ಅದನ್ನು ಪಾಲಿಸುತ್ತಾರೋ ಇಲ್ಲವೋ ಎಂದು ನೋಡುವುದು ಕೆಲಸ. ಸದಾ ಹೆಗಲಿಗೆ ಮಾದರಿ ಬಾಟಲಿಗಳ ಚೀಲ. ಅದಕ್ಕೇ ಎಲ್ಲರ ಬಾಯಲ್ಲೂ ಆಕೆ ‘ಬಾಟಲಿ ಮೇಡಂ’. ಕಾರ್ಖಾನೆ ಬೀದಿಯಲ್ಲಿ ಆಕೆಯ ಚೀಲ ಕಂಡರೆ ಸಾಕು, ಯಜಮಾನರು ಕುರ್ಚಿ ಒರೆಸಿ ನಿಲ್ಲುತ್ತಿದ್ದರು. ಆಕೆ ಅಂಥ ಕುರ್ಚಿಯಲ್ಲಿ ಒಂದು ದಿನವೂ ಕೂತವಳಲ್ಲ. ಯಾರ ಮನೆಯ ಒಂದು ಲೋಟ ಚಹಾ ಕುಡಿದವಳೂ ಅಲ್ಲ. ಆ ಹೆಸರೊಂದು ಆಕೆಯ ಆಸ್ತಿ.

ಫೋನು ಮಾಡಿದ್ದು ಊರಾಚೆಯ ಶುದ್ಧೀಕರಣ ಘಟಕದವರು. ಹೋಗಿ ನೋಡಿದರೆ ದೊಡ್ಡ ತೊಟ್ಟಿಯ ಕಂದು ನೊರೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕೊಳಕನ್ನು ತಿಂದು ನೀರು ತಿಳಿ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಸಾಯುತ್ತಿದ್ದವು. ಯಾರೋ ಆಮ್ಲ ಬಿಡುತ್ತಿದ್ದಾರೆ.

“ಬಿಟ್ಟವನಿಗೆ ಒಂದು ಲೋಟ ಇದನ್ನೇ ಕುಡಿಸ್ಬೇಕು ಮೇಡಂ,” ಎಂದರು ಉಸ್ತಾದ್. ಮ್ಯಾನ್‌ಹೋಲ್ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಮನುಷ್ಯ. ಊರಿನ ನೆಲದಡಿಯ ಕೊಳವೆಗಳೆಲ್ಲ ಅವರಿಗೆ ತಮ್ಮ ಅಂಗೈ ಗೆರೆಗಳಷ್ಟು ಗೊತ್ತು. ಮುಚ್ಚಳದ ಸಂದಿಗೆ ಕಬ್ಬಿಣದ ಕೊಕ್ಕೆ ತೂರಿಸಿ ಒಂದೇ ಎಳೆತಕ್ಕೆ ಎತ್ತುತ್ತಿದ್ದ ಕಾರಣಕ್ಕೆ ಆ ಹೆಸರು.

ಇಬ್ಬರೂ ನೀರು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ನಡೆದರು. ಉಸ್ತಾದ್ ಮುಚ್ಚಳ ತೆಗೆಯುವುದು, ಆಕೆ ಉದ್ದ ಕೋಲಿನ ತಂಬಿಗೆ ಇಳಿಸಿ ನೀರೆತ್ತಿ ಪರೀಕ್ಷೆಯ ಕಾಗದ ಅದ್ದುವುದು. ಆಮ್ಲವಿದ್ದರೆ ಕಾಗದ ಕೆಂಪಗಾಗುತ್ತದೆ. ಮುಖ್ಯರಸ್ತೆಯಲ್ಲಿ ಕಿತ್ತಳೆ, ಬಸ್ ನಿಲ್ದಾಣದ ಹಿಂದೆ ಇನ್ನೂ ಗಾಢ. ಹನ್ನೊಂದನೆಯ ಮುಚ್ಚಳ ತೆಗೆದಾಗ ಕಾಗದ ರಕ್ತದಂತಾಯಿತು. ತಲೆಯೆತ್ತಿ ನೋಡಿದರೆ ಎದುರಿಗೆ ಓರಗಿತ್ತಿಯ, ಮಗಳು ಹೇಳಿದ ಆ ಚಿಕ್ಕಮ್ಮನ, ಬಣ್ಣದ ಘಟಕ.

ಆ ಕ್ಷಣ ಆಕೆಗೆ ಅನಿಸಿದ್ದನ್ನು ಯಾರ ಎದುರೂ ಹೇಳುವಂತಿರಲಿಲ್ಲ. ಎದೆಯಲ್ಲಿ ಏನೋ ತಣ್ಣಗಾಯಿತು. ಅದು ಸಂತೋಷ.

ಹನ್ನೆರಡು ವರ್ಷಗಳ ಹಿಂದೆ ಈ ಓರಗಿತ್ತಿ ಹಿತ್ತಿಲಲ್ಲಿ ಎರಡು ಟಬ್ಬು ಇಟ್ಟುಕೊಂಡು ಬಟ್ಟೆಗೆ ಬಣ್ಣ ಹಾಕಲು ಕೂತಾಗ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದವಳು ನಗರಸಭೆ ಕೆಲಸದ ಹಿರಿಸೊಸೆಯೊಬ್ಬಳೇ. ನೆಂಟರು ಬಂದರೆ ಓರಗಿತ್ತಿ ಬಣ್ಣ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದಳು. ಅವಳನ್ನು ಕಂಡು ಪಾಪ ಎನ್ನುವುದರಲ್ಲಿ ಒಂದು ಸುಖವಿತ್ತು. ಆಮೇಲೆ ಎರಡು ಟಬ್ಬು ಶೆಡ್ಡಾಯಿತು, ಶೆಡ್ಡು ಈ ಘಟಕವಾಯಿತು, ಹದಿನೆಂಟು ಹೆಂಗಸರಿಗೆ ಕೆಲಸವಾಯಿತು. ನೆಂಟರು ಈಗ ಬಣ್ಣದ ಕೈಯನ್ನೇ ಹೊಗಳುತ್ತಿದ್ದರು. ಅತ್ತೆ “ಚಿಕ್ಕವಳ ಕೈಗುಣ ನೋಡು” ಎಂದು ಹಿರಿಯವಳ ಎದುರಿಗೇ ಹೇಳುತ್ತಿದ್ದರು. ಓರಗಿತ್ತಿಗೆ ಸೊಕ್ಕು ಬಂದಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಬಂದಿರಲಿಲ್ಲ. ಅದೇ ದೊಡ್ಡ ಸಂಕಟ.

“ಅಕ್ಕಾ!” ಗೇಟಿನಿಂದ ಓರಗಿತ್ತಿ ಕೂಗಿದಳು. “ಬಿಸಿಲಲ್ಲಿ ನಿಂತಿದೀರಲ್ಲ. ಒಳಗೆ ಬನ್ನಿ.”

“ಕೆಲಸದ ಮೇಲಿದೀನಿ,” ಎಂದಳು ಆಕೆ. “ನೀನು ಒಳಗೆ ಹೋಗು.”

ಈ ಬೀದಿಯಲ್ಲಿ ಬಣ್ಣದ ಘಟಕಕ್ಕೆ ಎದುರಾಗಿ ಇನ್ನೊಂದು ಕಾರ್ಖಾನೆಯಿತ್ತು. ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪನ ಕೊಡುವ ಕಾರ್ಖಾನೆ. ಎರಡರ ಕೊಳವೆಗಳೂ ಬಂದು ನಡುರಸ್ತೆಯ ಈ ಮ್ಯಾನ್‌ಹೋಲಿನಲ್ಲಿ ಸೇರುತ್ತಿದ್ದವು. ಮಾದರಿಯನ್ನು ತೆಗೆಯಬೇಕಾದದ್ದು ಇಲ್ಲಿಂದಲ್ಲ. ಪ್ರತಿಯೊಬ್ಬರ ಗೇಟಿನೊಳಗೆ ಅವರದೇ ತಪಾಸಣೆಯ ಗುಂಡಿಯಿರುತ್ತದೆ. ಮಾಲೀಕರ ಎದುರಿಗೆ ಅದರ ಮುಚ್ಚಳ ತೆಗೆದು, ಅಲ್ಲಿಂದಲೇ ನೀರು ತುಂಬಿ, ಬಾಟಲಿಯ ಮೇಲೆ ಗುಂಡಿಯ ನಂಬರು ಬರೆಯಬೇಕು. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುತ್ತಿದ್ದವಳೇ ಆಕೆ.

ಆಕೆ ನಡುರಸ್ತೆಯಲ್ಲೇ ತಂಬಿಗೆ ಇಳಿಸಿ ಬಾಟಲಿ ತುಂಬಿದಳು.

ಉಸ್ತಾದ್ ಗಂಟಲು ಸರಿಮಾಡಿಕೊಂಡರು. “ಮೇಡಂ, ಇಲ್ಲಿ ಎರಡೂ ಕೊಳವೆ ಸೇರುತ್ತಲ್ಲ?”

“ಗೊತ್ತು ಉಸ್ತಾದ್. ನನಗೆ ಹೇಳಿಕೊಡ್ಬೇಡಿ.”

ಅವರು ಮುಚ್ಚಳ ಎಳೆದು ಮುಚ್ಚಿದರು. ಆಕೆ ಚೀಟಿಯ ಮೇಲೆ ಬಣ್ಣದ ಘಟಕದ ಗುಂಡಿಯ ನಂಬರು ಬರೆದಳು. ಬಣ್ಣ ಹಾಕುವವರಲ್ಲದೆ ಇನ್ಯಾರು ಬಿಡುತ್ತಾರೆ, ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ನಿಜದಂತೆ ಕೇಳಿಸಿತು.

ನಾಲ್ಕನೆಯ ದಿನ ಪ್ರಯೋಗಾಲಯದ ವರದಿ ಬಂತು. ಐದನೆಯ ದಿನ ನೋಟಿಸು. ಆರನೆಯ ದಿನ ನಗರಸಭೆಯವರು ಬಂದು ಬಣ್ಣದ ಘಟಕದ ಕೊಳವೆಯ ಬಾಯಿಗೆ ಬಿರಡೆ ಜಡಿದು ಸಿಮೆಂಟು ಮೆತ್ತಿದರು. ನೀರು ಹೋಗಲು ದಾರಿಯಿಲ್ಲವೆಂದರೆ ಬಣ್ಣದ ಕೆಲಸವೂ ಇಲ್ಲ. ಹದಿನೆಂಟು ಹೆಂಗಸರು ಮನೆಗೆ ಹೋದರು.

ಆ ಸಂಜೆ ಓರಗಿತ್ತಿ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಒಂದು ಪುಸ್ತಕ ತಂದು ಊಟದ ಮೇಜಿನ ಮೇಲಿಟ್ಟಳು.

“ನಮ್ಮ ನೀರಿನ ಆಮ್ಲಾನ ದಿನಾ ಎರಡು ಸಲ ಅಳೆದು ಇದರಲ್ಲಿ ಬರೀತೀವಿ ಅಕ್ಕ. ತೊಟ್ಟೀಲಿ ನಿಲ್ಲಿಸಿ, ಸುಣ್ಣ ಹಾಕಿ, ಸೋಸಿಯೇ ಬಿಡೋದು. ಒಂದು ದಿನವೂ ತಪ್ಪಿಲ್ಲ. ನೀವೇ ಓದಿ.”

“ಪುಸ್ತಕದಲ್ಲಿ ಯಾರು ಏನು ಬೇಕಾದ್ರೂ ಬರೀಬಹುದು.”

“ನಾನು ಬರೆದಿದ್ದು ಅಂದ್ರೂ ನಂಬಿಕೆ ಇಲ್ವಾ?” ಅವಳು ಕೇಳಿದಳು. “ಬೇಜಾರು ಮಾಡ್ಕೋಬೇಡಿ. ಆ ನೀರು ನಮ್ಮ ಗುಂಡಿಯಿಂದಲೇ ತೆಗೆದದ್ದು ತಾನೇ?”

ಮಗಳು ಬಾಗಿಲ ಬಳಿ ನಿಂತಿದ್ದಳು. ಗಂಡ ಟೀವಿಯ ಸದ್ದು ಕಡಿಮೆ ಮಾಡಿದ.

“ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ,” ಎಂದಳು ಆಕೆ. “ನಿಮ್ಮ ಗುಂಡಿಯಿಂದಲೇ ತೆಗೆದದ್ದು.”

ಓರಗಿತ್ತಿ ತಲೆಯಾಡಿಸಿದಳು. “ನೀವು ಹೇಳಿದ್ಮೇಲೆ ಮುಗೀತು. ಹಾಗಾದ್ರೆ ನಮ್ಮಲ್ಲೇ ಎಲ್ಲೋ ತಪ್ಪಾಗಿದೆ. ತೊಟ್ಟಿ ಬಿಚ್ಚಿಸಿ ನೋಡ್ತೀನಿ.”

ಅವಳು ಹೋದ ಮೇಲೆ ಆಕೆ ಪಾತ್ರೆ ತೊಳೆಯುತ್ತಾ ಹಾಡು ಗುನುಗಿದಳು. ಗುನುಗುತ್ತಿದ್ದೇನೆಂದು ತನಗೇ ಗೊತ್ತಾದಾಗ ನಿಲ್ಲಿಸಿದಳು. ಮರುದಿನ ಶುದ್ಧೀಕರಣ ಘಟಕದಿಂದ ಮತ್ತೆ ಫೋನು ಬಂತು. ಆಮ್ಲ ನಿಂತಿದೆಯಂತೆ, ನೊರೆ ಮತ್ತೆ ಕಂದಾಗುತ್ತಿದೆಯಂತೆ. ಅಬ್ಬಾ ಎನಿಸಿತು. ನಾನು ಅಂದುಕೊಂಡಿದ್ದೇ ಸರಿ, ಇನ್ನು ಯಾರಿಗೂ ಉತ್ತರ ಹೇಳಬೇಕಿಲ್ಲ. ಒಂದು ವಾರ ಹಾಗೆಯೇ ನೆಮ್ಮದಿಯಾಗಿ ಕಳೆಯಿತು. ಓರಗಿತ್ತಿ ತನ್ನ ತೊಟ್ಟಿಯ ಕಲ್ಲುಗಳನ್ನೆಲ್ಲ ಕೀಳಿಸಿ, ಇಲ್ಲದ ಬಿರುಕು ಹುಡುಕುತ್ತಿದ್ದಾಳೆಂದು ಮಗಳು ಒಂದು ದಿನ ಹೇಳಿದಳು. ಆಕೆ ಬೇರೆ ಮಾತು ತೆಗೆದಳು.

ಬಿರಡೆ ಜಡಿದ ಎಂಟನೆಯ ದಿನ ಮಧ್ಯಾಹ್ನ ಅದೇ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡಿತೆಂದು ದೂರು ಬಂತು. ಉಸ್ತಾದ್ ಹೋಗಿ ಆ ನಡುರಸ್ತೆಯ ಮುಚ್ಚಳ ಎತ್ತಿ, ಕೋಲು ಇಳಿಸಲು ಬಗ್ಗಿದರು. ಒಳಗಿನಿಂದ ಬುಸ್ಸೆಂದು ಬಂದ ಗಾಳಿ ಮುಖಕ್ಕೆ ಹೊಡೆಯಿತು. ಆಮ್ಲ ಹಳೆಯ ಕೊಳಚೆಗೆ ಬಿದ್ದರೆ ವಿಷಗಾಳಿ ಏಳುತ್ತದೆ; ಒಂದು ಉಸಿರು ಒಳಗೆ ಹೋದರೂ ಸಾಕು, ಪ್ರಜ್ಞೆ ತಪ್ಪುತ್ತದೆ. ಪುಣ್ಯಕ್ಕೆ ಅವರು ರಸ್ತೆಯ ಕಡೆಗೆ ಬಿದ್ದರು. ಒಳಗೆ ಬಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಎದುರಿಗಿದ್ದ ಓರಗಿತ್ತಿಯೇ ಓಡಿಬಂದು, ಅವರನ್ನು ಎಳೆದು ನೆರಳಿಗೆ ಹಾಕಿ, ತನ್ನ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿದಳು.

ಬಾಟಲಿ ಮೇಡಂ ಸುದ್ದಿ ಕೇಳಿ ಮೊದಲು ಹೋದದ್ದು ಆಸ್ಪತ್ರೆಗಲ್ಲ, ಆ ಬೀದಿಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾಗದ ಅದ್ದಿದಳು. ಕೆಂಪು. ಬಣ್ಣದ ಘಟಕದ ಕೊಳವೆಗೆ ಮೆತ್ತಿದ ಸಿಮೆಂಟು ಹಾಗೆಯೇ ಗಟ್ಟಿಯಾಗಿ ನಿಂತಿತ್ತು. ಅಲ್ಲಿಂದ ಒಂದು ಹನಿಯೂ ಬಂದಿರಲಿಲ್ಲ. ಎದುರಿನ ಲೇಪನದ ಕಾರ್ಖಾನೆಯ ಕೊಳವೆಯಿಂದ ಹಸಿರು ಮಿಶ್ರಿತ ನೀರು ಸಣ್ಣಗೆ ಸುರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಉಸ್ತಾದರ ಎರಡೂ ಕಣ್ಣಿಗೆ ಪಟ್ಟಿ. ಮೂಗಿನಲ್ಲಿ ನಳಿಕೆ. ಕಣ್ಣು ಉಳಿಯುತ್ತದೆ, ಎದೆ ಮಾತ್ರ ಮೊದಲಿನಂತಾಗುವುದು ಕಷ್ಟ ಎಂದಿದ್ದರು ಡಾಕ್ಟರು. ಹೆಜ್ಜೆಯ ಸಪ್ಪಳದಲ್ಲೇ ಅವರಿಗೆ ಗುರುತು ಸಿಕ್ಕಿತು.

“ಮೇಡಂ, ಸದ್ಯ, ಬಂದ್ರಾ. ಹತ್ತಿರ ಬನ್ನಿ.” ದನಿ ಇಳಿಸಿದರು. “ಅವತ್ತು ಬಾಟಲಿ ಎಲ್ಲಿಂದ ತುಂಬಿದ್ರಿ ಅಂತ ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ನೀವು ಹೆದರ್ಬೇಡಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಆಕೆ ಅವರ ಮಂಚದ ಕಂಬಿ ಹಿಡಿದು ನಿಂತಳು. “ಹೇಳಿ ಉಸ್ತಾದ್,” ಎಂದಳು ಕೊನೆಗೆ. “ಯಾರು ಕೇಳಿದ್ರೂ ಹೇಳಿಬಿಡಿ.”

ಮರುದಿನ ಲೇಪನದ ಕಾರ್ಖಾನೆಗೆ ಹೋದಳು. ಯಜಮಾನರು ಎಂದಿನಂತೆ ಕುರ್ಚಿ ಎಳೆದರು. ಆಕೆ ನಿಂತೇ, ಅವರ ಎದುರಿಗೆ ಅವರ ಗುಂಡಿಯ ಮುಚ್ಚಳ ತೆಗೆಸಿ, ಬಾಟಲಿ ತುಂಬಿದಳು.

“ಮೇಡಂ, ನಿಮ್ಮ ಹತ್ರ ಮುಚ್ಚಿಡೋದೇನಿದೆ,” ಎಂದರು ಯಜಮಾನರು. “ನಮ್ಮ ಶುದ್ಧ ಮಾಡೋ ಯಂತ್ರ ಕೆಟ್ಟು ಮೂರು ತಿಂಗಳಾಯ್ತು. ಬಿಡಿಭಾಗ ಇನ್ನೂ ಬಂದಿಲ್ಲ. ನಲವತ್ತು ಜನ ಕೆಲಸಗಾರರನ್ನ ಬೀದಿಗೆ ಹಾಕಲಾ? ಎದುರುಗಡೆ ಬಿರಡೆ ಜಡಿದ್ರಲ್ಲ, ಅದನ್ನ ನೋಡಿ ಹೆದರಿ ಒಂದು ವಾರ ಡ್ರಮ್ಮಲ್ಲಿ ತುಂಬಿಟ್ಟೆ. ಡ್ರಮ್ಮು ತುಂಬಿತು. ಏನು ಮಾಡ್ಲಿ? ಬಿಟ್ಟೆ.”

“ಒಬ್ಬರು ಆಸ್ಪತ್ರೆಯಲ್ಲಿದಾರೆ.”

ಯಜಮಾನರ ಮುಖ ಸಣ್ಣದಾಯಿತು. ಆದರೆ ಮರುಕ್ಷಣವೇ ಬೇರೆ ಲೆಕ್ಕ ಹಾಕಿದವರಂತೆ ನೋಡಿದರು. “ಕೇಸು ಹಾಕ್ತೀರಾ? ಹಾಕಿ. ಆದ್ರೆ ಆಮ್ಲ ಬಿಡ್ತಿದ್ದೋರು ಎದುರಿನವರು ಅಂತ ನಿಮ್ಮ ವರದಿಯೇ ಇದೆಯಲ್ಲ. ನಿಮ್ಮ ಸಹಿಯೇ ಇದೆ. ಅದು ನಿಜ ಆದ್ರೆ ಮೂರು ತಿಂಗಳಿಂದ ನಾನು ಬಿಟ್ಟಿದ್ದು ಅಂತ ಹೇಗೆ ಹೇಳ್ತೀರಿ? ಅದು ಸುಳ್ಳಾದ್ರೆ ನಿಮ್ಮ ಈ ವರದೀನ ಯಾರು ನಂಬ್ತಾರೆ?”

ಮಾತು ಗುರಿ ತಪ್ಪಲಿಲ್ಲ. ಆಕೆ ನೇರ ಕಚೇರಿಗೆ ಬಂದು ಎಂಜಿನಿಯರರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು.

ಎಂಜಿನಿಯರರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನೀವಾ? ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ. ನೋಡಿಯಮ್ಮಾ, ಹಳೇದನ್ನ ಕೆದಕೋದು ಬೇಡ. ಲೇಪನದವರ ಮೇಲೆ ನಿನ್ನೆಯದಕ್ಕಷ್ಟೇ ನೋಟಿಸು ಕೊಡೋಣ, ಸಣ್ಣ ದಂಡದಲ್ಲಿ ಮುಗಿಯುತ್ತೆ. ನಿಮ್ಮ ಓರಗಿತ್ತಿದು ‘ದೋಷ ಸರಿಪಡಿಸಲಾಗಿದೆ’ ಅಂತ ಬರೆದು ಬಿರಡೆ ತೆಗೆಸಿಬಿಡೋಣ. ಯಾರಿಗೂ ಗೊತ್ತಾಗಲ್ಲ.”

“ಇಲ್ಲದ ದೋಷ ಸರಿಪಡಿಸಿದ್ದು ಹೇಗೆ ಸರ್? ಅವಳ ಹೆಸರಲ್ಲಿ ಅದು ಶಾಶ್ವತವಾಗಿ ಉಳಿಯುತ್ತೆ.”

“ನಿಮ್ಮ ಕೆಲಸ?”

ಆಕೆ ಒಂದು ಬಿಳಿ ಹಾಳೆ ಕೇಳಿದಳು. ಅಲ್ಲೇ ಮೂಲೆಯ ಮೇಜಿನಲ್ಲಿ ಕೂತು ಬರೆದಳು. ‘ಎರಡು ಕೊಳವೆ ಸೇರುವ ಜಾಗದಿಂದ, ಅದು ತಪ್ಪೆಂದು ಗೊತ್ತಿದ್ದೂ ಮಾದರಿ ತೆಗೆದು, ಬಣ್ಣದ ಘಟಕದ ನಂಬರು ಬರೆದಿದ್ದೇನೆ. ಜೊತೆಗಿದ್ದ ಕೆಲಸಗಾರರು ಎಚ್ಚರಿಸಿದ್ದರು.’ ಕಾರಣ ಎಂಬ ಕಡೆ ಪೆನ್ನು ನಿಂತಿತು. ‘ವೈಯಕ್ತಿಕ’ ಎಂದು ಬರೆದು ಸಹಿ ಹಾಕಿದಳು.

ಆಕೆ ಓರಗಿತ್ತಿಯ ಘಟಕಕ್ಕೆ ಹೋದಾಗ ಯಂತ್ರಗಳು ಒಣಗಿ ನಿಂತಿದ್ದವು. ಹಬೆಯಿಲ್ಲ, ಸದ್ದಿಲ್ಲ. ಕಿತ್ತ ಕಲ್ಲುಗಳ ನಡುವೆ ಓರಗಿತ್ತಿ ಬರಿಗಾಲಲ್ಲಿ ನಿಂತು ತೊಟ್ಟಿಯ ತಳ ಉಜ್ಜುತ್ತಿದ್ದಳು.

“ಮೇಲೆ ಬಾ,” ಎಂದಳು ಆಕೆ. “ನಿನ್ನ ತೊಟ್ಟಿ ಸರಿಯಾಗಿದೆ.”

ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಓರಗಿತ್ತಿಯ ಕೈಯಲ್ಲಿದ್ದ ಬ್ರಷ್ಷಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಯಾಕೆ ಅಕ್ಕ? ನಾನು ನಿಮಗೆ ಏನು ಮಾಡಿದ್ದೆ?”

“ಏನೂ ಮಾಡಿಲ್ಲ.”

“ಸಿಟ್ಟಾ?”

“ಸಿಟ್ಟಲ್ಲ. ಹೊಟ್ಟೆಕಿಚ್ಚು.”

ಓರಗಿತ್ತಿ ಕಣ್ಣು ಕಣ್ಣು ಬಿಟ್ಟು ನೋಡಿದಳು. “ನನ್ನ ಮೇಲಾ? ನಾನು ಮದುವೆಯಾಗಿ ಬಂದಾಗ ನೀವು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟರೆ ಕಿಟಕೀಲಿ ನಿಂತು ನೋಡ್ತಿದ್ದೆ. ನಮ್ಮಕ್ಕನಿಗೆ ಹೆದರದ ಯಜಮಾನ ಇಲ್ಲವಂತೆ ಅಂತ ನನ್ನ ತವರಲ್ಲಿ ಹೇಳ್ಕೊಂಡು ಬಂದಿದ್ದೆ. ಅವತ್ತು ನೀವು ‘ನಿಮ್ಮ ಗುಂಡಿಯಿಂದಲೇ’ ಅಂದಾಗ ನನ್ನ ಪುಸ್ತಕಾನೇ ಸುಳ್ಳು ಅಂದ್ಕೊಂಡೆ. ನಿಮ್ಮ ಮಾತು ನಂಬಿ ನನ್ನ ಕೈಯಾರೆ ಇದನ್ನ ಕಿತ್ತು ಹಾಕಿದೀನಿ.”

ಆಕೆ ತಲೆ ತಗ್ಗಿಸಿದಳು.

“ಪರವಾಗಿಲ್ಲ ಅಂತ ನನ್ನ ಬಾಯಲ್ಲಿ ಬರ್ತಿಲ್ಲ,” ಎಂದಳು ಓರಗಿತ್ತಿ. “ಬರೋವರೆಗೂ ನಾನು ಅನ್ನಲ್ಲ. ಬಿರಡೆ ತೆಗೆಸಿದ ದಿನ ಬನ್ನಿ. ಹದಿನೆಂಟು ಜನಾನೂ ಕರೆಸಿರ್ತೀನಿ. ಬೀದಿಯವರು ಅವರನ್ನ ವಿಷದ ನೀರಿನವರು ಅಂತಿದಾರೆ. ನನಗೆ ಹೇಳಿದ್ದನ್ನ ಅವರಿಗೂ ಹೇಳಿ. ಆ ಒಂದು ಪದಾನೂ ಸೇರಿಸಿ.”

ನಾಲ್ಕು ದಿನಕ್ಕೆ ಬಿರಡೆ ತೆಗೆದರು. ಎದುರಿನ ಕಾರ್ಖಾನೆಯ ಕೊಳವೆಗೆ ಬಿರಡೆ ಬಿತ್ತು. ಯಂತ್ರ ರಿಪೇರಿಯಾಗುವವರೆಗೆ ಅದನ್ನು ತೆಗೆಯುವಂತಿಲ್ಲ. ಆಕೆಯ ಕಾಗದ ಕಡತದಲ್ಲಿ ಇದ್ದುದರಿಂದ ಯಜಮಾನರ ವಾದ ನಿಲ್ಲಲಿಲ್ಲ. ಆಕೆಯ ಮೇಲೂ ವಿಚಾರಣೆ ಶುರುವಾಯಿತು. ಅದು ಮುಗಿಯುವವರೆಗೆ ಮಾದರಿ ತೆಗೆಯುವ ಅಧಿಕಾರವಿಲ್ಲ ಎಂಬ ಆದೇಶ, ಬಿರಡೆ ತೆಗೆಸಿದ ದಿನವೇ ಕೈಗೆ ಬಂತು. ಆಕೆ ಬಾಟಲಿಯ ಚೀಲವನ್ನು ಉಗ್ರಾಣಕ್ಕೆ ಒಪ್ಪಿಸಿ, ಬರಿಗೈಯಲ್ಲಿ ಬಣ್ಣದ ಘಟಕಕ್ಕೆ ನಡೆದಳು.

ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು. ಅವರ ನಡುವೆ ಮಗಳೂ ಇದ್ದಳು. ಅದು ಆಕೆಗೆ ಗೊತ್ತಿರಲಿಲ್ಲ. ಕಾಲು ಹಿಂದೆ ಸರಿಯಿತು. ಆಮೇಲೆ ಹೇಳಿದಳು, ಬಿಡದೆ, ಎಲ್ಲವನ್ನೂ, ಆ ಒಂದು ಪದವನ್ನೂ ಸೇರಿಸಿ. ಮಗಳು ನೆಲ ನೋಡುತ್ತಿದ್ದಳು.

ಕೊನೆಗೆ ಅವರಲ್ಲೇ ವಯಸ್ಸಾದ ಹೆಂಗಸೊಬ್ಬಳು ಕೇಳಿದಳು. “ಅದೆಲ್ಲ ಆಯ್ತು ಕಣಮ್ಮ. ಇವತ್ತು ನೀವು ನಮ್ಮೆದುರಿಗೆ ನಿಂತು ಹೇಳಿದ್ರಿ. ನಾಳೆ ಇನ್ನೊಬ್ಬರು ಬಾಟಲಿ ಹಿಡ್ಕೊಂಡು ಬರ್ತಾರೆ. ಅವರೂ ಹಿಂಗೇ ಮಾಡಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?”

ಇಪ್ಪತ್ತೊಂದು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ; ಕೇಳುವಷ್ಟು ಯಾವ ಕಾರ್ಖಾನೆಯವರಿಗೂ ಆಕೆ ಹೇಳಿಕೊಟ್ಟಿರಲಿಲ್ಲ. ಸುತ್ತ ನೋಡಿದಳು. ಗೋಡೆಗೆ ಒರಗಿಸಿದ್ದ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಗೇಟಿನ ಬಳಿಯ ಗುಂಡಿಗೆ ಹೋಗಿ ಮಂಡಿಯೂರಿದಳು. ಮೊದಲ ಎಳೆತಕ್ಕೆ ಮುಚ್ಚಳ ಏಳಲಿಲ್ಲ. ಎರಡನೆಯದಕ್ಕೆ ಎದ್ದಿತು.

“ಎಲ್ಲರೂ ಬನ್ನಿ, ನೋಡಿ. ಬರೋರು ಯಾರೇ ಆಗ್ಲಿ, ನೀರು ತುಂಬಬೇಕಾದ್ದು ಇಲ್ಲಿಂದ. ರಸ್ತೆಯಿಂದ ತುಂಬಿದ್ರೆ ಕೈ ಹಿಡ್ಕೊಳ್ಳಿ, ಆ ಹಕ್ಕು ನಿಮಗಿದೆ. ನಂಬರು ಇಲ್ಲಿ ಅಂಚಿನಲ್ಲಿ ಕೆತ್ತಿದೆ. ಚೀಟಿಯಲ್ಲಿ ಅದೇ ಇದೆಯಾ ಅಂತ ಓದಿಸಿ. ಬಾಟಲಿ ಎರಡು ತುಂಬಿಸಿ, ಒಂದನ್ನ ನೀವು ಇಟ್ಕೊಳ್ಳಿ. ಓದದೆ ಸಹಿ ಹಾಕಬೇಡಿ. ನಾನು ಬಂದ್ರೂ ಅಷ್ಟೇ.”

ಹೆಂಗಸರು ಸುತ್ತ ಮುತ್ತಿಕೊಂಡರು. ಒಬ್ಬಳು ಬಗ್ಗಿ ಅಂಚಿನ ಮಣ್ಣು ಒರೆಸಿ ನಂಬರನ್ನು ಗಟ್ಟಿಯಾಗಿ ಓದಿದಳು. ಹಿಂದಿದ್ದವರು ಅದನ್ನೇ ಹೇಳಿಕೊಂಡರು.

ಓರಗಿತ್ತಿ ಎಲ್ಲರಿಗಿಂತ ಹಿಂದೆ, ಕೈಕಟ್ಟಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮುಖ ಇನ್ನೂ ಬಿಗಿದೇ ಇತ್ತು. ಆಕೆಯ ಎದುರಿಗೆ, ಗುಂಡಿಯ ಆಚೆ ಬದಿಗೆ, ಅವಳೂ ಮಂಡಿಯೂರಿ ಕೂತಳು.

“ಇನ್ನೊಂದ್ಸಲ ಹೇಳಿ ಅಕ್ಕ,” ಎಂದಳು. “ಮೊದಲಿಂದ. ನಿಧಾನವಾಗಿ.”

ಆಕೆ ಮೊದಲಿಂದ ಶುರುಮಾಡಿದಳು.